ಉಚಿತ ಆಡಿಯೋ ಪುಸ್ತಕಗಳು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ನೆಂಟರು, ಗೆಳೆಯರು ಆಗಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಹಳೆಯ ಒಳ್ಳೆಯ ಸಾಹಿತ್ಯವನ್ನು ದುಡ್ಡು ಕೊಡದೆ, ಕದಿಯದೆ ಕೇಳುವುದು ಹೇಗೆ ಅನ್ನುವುದಷ್ಟೇ ವಿಷಯ. ಪೂರ್ತಿ ಓದಬೇಕಾಗಿಲ್ಲ, ನಿಮ್ಮ ಪ್ರಶ್ನೆ ಹುಡುಕಿಕೊಳ್ಳಿ.

ನಿಜಕ್ಕೂ ಪುಕ್ಕಟೆನಾ? ಆಮೇಲೆ ಎಲ್ಲೋ ದುಡ್ಡು ಕೇಳ್ತಾರಾ?

ಲಿಬ್ರಿವಾಕ್ಸ್ ಅಂತ ಒಂದು ತಾಣ ಇದೆ. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹ್ಯೂ ಮೆಕ್‌ಗ್ವೈರ್ ಅದನ್ನು ಶುರು ಮಾಡಿದರು. ಹಕ್ಕುಸ್ವಾಮ್ಯ (ಕಾಪಿರೈಟ್) ಮುಗಿದ ಪುಸ್ತಕಗಳನ್ನು ಬೇರೆ ಬೇರೆ ದೇಶದ ಜನ ತಮ್ಮ ಮನೆಯಲ್ಲೇ ಕೂತು ಓದಿ, ರೆಕಾರ್ಡ್ ಮಾಡಿ ಅಲ್ಲಿಗೆ ಕೊಡುತ್ತಾರೆ. ಓದಿದವರಿಗೆ ಸಂಬಳ ಇಲ್ಲ, ಕೇಳುವವರಿಗೆ ಖರ್ಚಿಲ್ಲ. ಲಾಗಿನ್ ಬೇಡ, ಕಾರ್ಡ್ ನಂಬರ್ ಬೇಡ. ಓದಿದವರು ತಮ್ಮ ದನಿಯ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟಿರುತ್ತಾರೆ.

ಗೊಂದಲ ಆಗುವುದು ಆ್ಯಪ್ ಅಂಗಡಿಯಲ್ಲಿ. ಅದೇ ರೆಕಾರ್ಡಿಂಗುಗಳನ್ನು ಎತ್ತಿಕೊಂಡು, ನಡುನಡುವೆ ಜಾಹೀರಾತು ತುರುಕಿ, ‘ಪ್ರೀಮಿಯಂ’ ಅಂತ ಹಣ ಕೇಳುವ ಆ್ಯಪ್‌ಗಳು ಬೇಕಾದಷ್ಟಿವೆ. ಹಕ್ಕು ಬಿಟ್ಟುಕೊಟ್ಟ ಮೇಲೆ ಯಾರು ಬೇಕಾದರೂ ಹೀಗೆ ಮಾಡಬಹುದು, ಅದು ಕಾನೂನಿಗೆ ವಿರುದ್ಧ ಏನಲ್ಲ. ಆದರೆ ಮೂಲದ ತಾಣದಲ್ಲೇ ಸಿಗುವಾಗ ಸುಮ್ನೆ ಯಾಕೆ ಕೊಡಬೇಕು? ಬ್ರೌಸರಿನಲ್ಲಿ ತಾಣ ತೆರೆದು ಡೌನ್‌ಲೋಡ್ ಮಾಡಿಕೊಳ್ಳಿ.

ಕನ್ನಡದಲ್ಲಿ ಏನೇನು ಸಿಗುತ್ತೆ? ಅದನ್ನು ಮೊದಲು ಹೇಳಿ.

ಇಂಗ್ಲಿಷಿನ ರಾಶಿಯ ಪಕ್ಕದಲ್ಲಿ ಇಟ್ಟರೆ ಕನ್ನಡದ್ದು ಕಡಿಮೆ. ಅದರಲ್ಲೂ ಹೊಸಗನ್ನಡದ ಕಾದಂಬರಿಗಳು ಉಚಿತವಾಗಿ, ಸರಿಯಾದ ದಾರಿಯಲ್ಲಿ ಸಿಗುವುದು ಬಹಳ ಕಡಿಮೆ. ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಹಳೆಯ ಕಾವ್ಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಅದಕ್ಕೆ ಕಾರಣ ಗಮಕ. ಮೈಕು, ಮೊಬೈಲು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಜನ ಕಾವ್ಯವನ್ನು ಓದಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಒಬ್ಬರು ಪದ್ಯವನ್ನು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ವ್ಯಾಖ್ಯಾನ ಹೇಳುತ್ತಾರೆ. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ಎರಡು ದಡದಲ್ಲಿರುವ ಮತ್ತೂರು-ಹೊಸಹಳ್ಳಿ ಗೊತ್ತಲ್ವಾ? ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆಡಿಯೋ ಪುಸ್ತಕ ಅನ್ನುವುದು ಏನೋ ಪರದೇಶದ ಫ್ಯಾಷನ್ ಅಂದುಕೊಂಡವರಿಗೆ ನಾನು ಈ ಊರಿನ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ (ಲಕ್ಷ್ಮೀಶನ ಊರು ಅಂತ ಹೇಳುವ ದೇವನೂರು ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿದೆ), ಇವುಗಳ ಗಮಕ ವಾಚನ ಯೂಟ್ಯೂಬಿನಲ್ಲಿ, ಹಳೆಯ ಪುಸ್ತಕ, ದನಿ ಎಲ್ಲ ಕೂಡಿಟ್ಟ ಉಚಿತ ತಾಣವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಗಮಕಿಗಳು, ಗಮಕ ಸಂಸ್ಥೆಗಳೇ ಹಾಕಿದ್ದನ್ನು ಆರಿಸಿಕೊಳ್ಳಿ.

ವಚನಗಳೂ ಇವೆ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕು. ಹಾಡಿದ ವಚನ ಎಲ್ಲ ಕಡೆ ಕೇಳುತ್ತದೆ. ಹಾಡದೆ, ನಿಧಾನವಾಗಿ ಓದಿದ ವಚನ ಸಿಕ್ಕರೆ ಬಿಡಬೇಡಿ. ಅಲ್ಲಮನಂಥವರನ್ನು ರಾಗಕ್ಕೆ ಹಾಕಿದಾಗ ಮಾತು ರಾಗದ ಹಿಂದೆ ಅಡಗಿಬಿಡುತ್ತದೆ ಅಂತ ನನಗೆ ಅನಿಸುತ್ತದೆ.

ಇನ್ನು ರೇಡಿಯೋ. ನಮಗೆ ಭದ್ರಾವತಿ ಆಕಾಶವಾಣಿ ಇದೆ. ರೇಡಿಯೋ ಪೆಟ್ಟಿಗೆ ಮೂಲೆ ಸೇರಿದ್ದರೆ ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ಕೇಳಬಹುದು. ಅದು ನೇರ ಪ್ರಸಾರ. ನಮಗೆ ಬೇಕಾದಾಗ ನಿಲ್ಲಿಸಿ ಕೇಳುವ ಹಾಗಿಲ್ಲ, ಅದೊಂದೇ ತೊಂದರೆ.

ಕುವೆಂಪು ಕಾದಂಬರಿ ಉಚಿತವಾಗಿ ಯಾಕೆ ಸಿಗಲ್ಲ? ನಮ್ಮ ತೀರ್ಥಹಳ್ಳಿಯವರೇ ಅಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕೇಳುವವರ ದನಿಯಲ್ಲಿ ಸ್ವಲ್ಪ ಬೇಜಾರೂ ಇರುತ್ತದೆ.

ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಲೆಕ್ಕ ಸುಲಭ. ತೀರಿಕೊಂಡ ವರ್ಷಕ್ಕೆ 60 ಸೇರಿಸಿ. ಆ ವರ್ಷದ ಡಿಸೆಂಬರ್ 31ರವರೆಗೆ ಹಕ್ಕು ಇರುತ್ತದೆ, ಮಾರನೇ ದಿನದಿಂದ ಪುಸ್ತಕ ಎಲ್ಲರದ್ದು.

ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಹಾಗಾಗಿ 2054ರ ಕೊನೆಯವರೆಗೆ ಕಾಯಬೇಕು. ಡಿ.ವಿ.ಜಿ. 1975, ಅಂದರೆ 2035ರ ಕೊನೆ. ಬೇಂದ್ರೆ 1981, ಮಾಸ್ತಿ 1986, ಕಾರಂತರು 1997. ತೇಜಸ್ವಿ 2007. ನಮ್ಮ ಮೇಳಿಗೆಯ ಅನಂತಮೂರ್ತಿ 2014. ಇವರ ಪುಸ್ತಕಗಳೆಲ್ಲ ಇನ್ನೂ ಹಕ್ಕಿನೊಳಗೇ ಇವೆ.

ಮುಕ್ತವಾದವರ ಪಟ್ಟಿಯೂ ಸಣ್ಣದಲ್ಲ. ಮುದ್ದಣ 1901ರಲ್ಲಿ ತೀರಿಕೊಂಡವರು, ಪಂಜೆ ಮಂಗೇಶರಾಯರು 1937ರಲ್ಲಿ. ಕೈಲಾಸಂ ಮತ್ತು ಬಿ.ಎಂ.ಶ್ರೀ. ಇಬ್ಬರೂ 1946ರಲ್ಲಿ. ತ್ರಿವೇಣಿಯವರು 1963ರಲ್ಲಿ ಚಿಕ್ಕ ವಯಸ್ಸಿನಲ್ಲೇ ಹೋದರು. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿ 1ರಿಂದ ಮುಕ್ತ. ಸತ್ತ ಮೇಲೆ ಮೊದಲ ಸಲ ಅಚ್ಚಾದ ಪುಸ್ತಕಕ್ಕೆ ಲೆಕ್ಕ ಬೇರೆ, ಅಲ್ಲಿ ಅಚ್ಚಾದ ವರ್ಷದಿಂದ 60 ಎಣಿಸಬೇಕು.

ಈ 60ಕ್ಕೂ ಒಂದು ಕತೆ ಇದೆ. ಮೊದಲು ನಮ್ಮಲ್ಲಿ 50 ವರ್ಷ ಇತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡಿದ್ದು 1941ರಲ್ಲಿ, 1991ಕ್ಕೆ ಅವರ ಹಕ್ಕು ಮುಗಿಯುವುದಿತ್ತು. ಆಗಲೇ ಅವಧಿಯನ್ನು 60ಕ್ಕೆ ಏರಿಸಿದರು. ಠಾಕೂರರ ಬರಹ ಎಲ್ಲರ ಕೈಗೆ ಬಂದಿದ್ದು 2001 ಮುಗಿದ ಮೇಲೆ. ಅವರ ಜೊತೆಗೆ ಕನ್ನಡ ಲೇಖಕರ ಹಕ್ಕು ಮುಗಿಯುವುದೂ ಹತ್ತು ವರ್ಷ ಮುಂದೆ ಹೋಯಿತು.

ಅಲ್ಲಿಯವರೆಗೆ ಕುವೆಂಪು ಬೇಕು ಅನ್ನುವವರಿಗೆ ದಾರಿ ಇಲ್ಲ ಅಂತಲ್ಲ. ಲೈಬ್ರರಿಯಿಂದ ಪುಸ್ತಕ ತನ್ನಿ, ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ತೀರ್ಥಹಳ್ಳಿ ಕಡೆಯ ಮಾತು ಬಲ್ಲವರು ಆ ಸಂಭಾಷಣೆಗಳನ್ನು ಓದಿದ ಹಾಗೆ ಬೇರೆಯವರಿಗೆ ಓದಲು ಬರುವುದೂ ಇಲ್ಲ.

ಯೂಟ್ಯೂಬಲ್ಲಿ ಪೂರ್ತಿ ಕಾದಂಬರಿ ಇದೆಯಲ್ಲ ಮಾರಾಯ್ರೇ?

ಇರುತ್ತದೆ. ಯಾರೋ ಅನುಮತಿ ಇಲ್ಲದೆ ಓದಿ ಹಾಕಿರುತ್ತಾರೆ. ಅರ್ಧ ಕೇಳುವಷ್ಟರಲ್ಲಿ ಮಾಯ ಆಗುವುದೂ ಉಂಟು. ನಾನು ಅಂಥದ್ದರ ಕೊಂಡಿ ಕಳಿಸುವುದಿಲ್ಲ, ಕೇಳಬೇಡಿ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಕಾವ್ಯ ಮುಕ್ತವಾಗಿದ್ದರೂ ರೆಕಾರ್ಡಿಂಗ್ ಮುಕ್ತ ಆಗಿರಬೇಕಾಗಿಲ್ಲ. ಕುಮಾರವ್ಯಾಸ ಯಾರ ಸ್ವತ್ತೂ ಅಲ್ಲ. ಆದರೆ ಒಬ್ಬ ಗಮಕಿಯ ಕ್ಯಾಸೆಟ್ಟಿಗೆ ಅದರದ್ದೇ ಹಕ್ಕು ಇದೆ. ಧ್ವನಿಮುದ್ರಣಕ್ಕೂ ನಮ್ಮಲ್ಲಿ ಪ್ರಕಟವಾದ ಮೇಲೆ 60 ವರ್ಷವೇ. ಮನೆಯ ಅಟ್ಟದಲ್ಲಿ ಸಿಕ್ಕಿದ ಹಳೇ ಕ್ಯಾಸೆಟ್ಟನ್ನು ನಿಮಗಾಗಿ ಫೋನಿಗೆ ಇಳಿಸಿಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ.

ಗಮಕ ಹಾಕಿದೆ. ಹತ್ತು ನಿಮಿಷಕ್ಕೆ ನಿದ್ದೆ ಬಂತು. ಏನು ಮಾಡೋದು?

ಮೊದಲ ಸಂಧಿಯಿಂದ (ಸಂಧಿ ಅಂದರೆ ಕಾವ್ಯದ ಅಧ್ಯಾಯ) ಶುರು ಮಾಡಿದಿರಾ? ಎಲ್ಲರೂ ಎಡವುವುದು ಅಲ್ಲೇ. ಸ್ತುತಿ, ಪೀಠಿಕೆ ಎಲ್ಲ ಮುಗಿದು ಕತೆ ಹತ್ತುವ ಹೊತ್ತಿಗೆ ಹೊಸಬರು ಸುಸ್ತಾಗಿರುತ್ತಾರೆ. ವಿರಾಟಪರ್ವದ ಉತ್ತರಕುಮಾರನ ಭಾಗದಿಂದ ಶುರು ಮಾಡಿ. ಹೆಂಗಸರ ಮುಂದೆ ಜಂಬ ಕೊಚ್ಚಿ, ಸೈನ್ಯ ನೋಡಿದ ಕೂಡಲೇ ರಥ ಇಳಿದು ಓಡುವ ಹುಡುಗ. ಪದ ಪೂರ್ತಿ ಅರ್ಥವಾಗದಿದ್ದರೂ ನಗು ಬರುತ್ತದೆ.

ವ್ಯಾಖ್ಯಾನ ಇರುವ ರೆಕಾರ್ಡಿಂಗ್‌ನ್ನೇ ಹುಡುಕಿ. ಬರೀ ವಾಚನ ಅಭ್ಯಾಸ ಇದ್ದವರಿಗೆ ಸರಿ, ಉಳಿದವರಿಗೆ ಕಷ್ಟ. ಗಮಕದಲ್ಲಿ ತಾಳ, ಮೃದಂಗ ಇರುವುದಿಲ್ಲ. ಸಂಗೀತ ಕಚೇರಿ ಅಂದುಕೊಂಡು ಕೂತರೆ ನಿರಾಸೆ ಆಗಬಹುದು. ರಾಗ ಇರುವುದು ಮಾತಿನ ಭಾವ ತೋರಿಸಲಿಕ್ಕೆ. ಸಿಟ್ಟಿಗೆ ಒಂದು ರಾಗ, ಅಳುವಿಗೆ ಒಂದು ರಾಗ. ಕುಮಾರವ್ಯಾಸ ಬಳಸಿದ ಆರು ಸಾಲಿನ ಪದ್ಯ, ಅಂದರೆ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆ ಒಂದೆರಡು ಸಂಧಿ ಕೇಳುವಷ್ಟರಲ್ಲಿ ಕಿವಿಗೆ ಹತ್ತುತ್ತದೆ. ಆಮೇಲೆ ಹಳೆಯ ಪದಗಳು ಅಷ್ಟು ಅಡ್ಡ ಬರುವುದಿಲ್ಲ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ತೊಂದರೆ ಇಲ್ಲ. ವೇಷ ಇಲ್ಲದೆ, ಕುಣಿತ ಇಲ್ಲದೆ, ಮಳೆಗಾಲದ ರಾತ್ರಿ ಬರೀ ಪದ ಮತ್ತು ಮಾತಿನಲ್ಲೇ ಪ್ರಸಂಗ ಕಟ್ಟುವವರ ನಡುವೆ ಬೆಳೆದ ಕಿವಿ ಅದು.

ಇಂಗ್ಲಿಷಿನಲ್ಲಿ ಕೇಳಬೇಕು ಅಂದ್ರೆ ಯಾವುದರಿಂದ ಶುರು ಮಾಡಲಿ?

ಕಾಲೇಜು ಹುಡುಗರು ಸೀದಾ ಟಾಲ್‌ಸ್ಟಾಯ್ ಕಾದಂಬರಿಗೆ ಕೈ ಹಾಕುತ್ತಾರೆ. ಬೇಡ. ರಷ್ಯದ ಹೆಸರುಗಳನ್ನು ಕಣ್ಣಲ್ಲಿ ನೋಡಿದರೇ ಗೊಂದಲ, ಕಿವಿಯಲ್ಲಿ ಹಿಡಿಯುವುದು ಇನ್ನೂ ಕಷ್ಟ. ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಸಣ್ಣ ಕತೆಗಳು ಒಳ್ಳೆಯ ಶುರು. ಒಂದು ಕತೆ ಹೆಚ್ಚುಕಡಿಮೆ ಒಂದು ಗಂಟೆ. ಶಿವಮೊಗ್ಗದಲ್ಲಿ ಬಸ್ ಹತ್ತಿದರೆ ತೀರ್ಥಹಳ್ಳಿ ಬರುವುದರೊಳಗೆ ಕೊಲೆಗಾರ ಸಿಕ್ಕಿರುತ್ತಾನೆ. ಆಮೇಲೆ ಚೆಕಾಫ್ ಕತೆಗಳು, ಠಾಕೂರರ ಇಂಗ್ಲಿಷ್ ಕತೆಗಳು. ಜೇನ್ ಆಸ್ಟಿನ್ ಕೇಳಲಿಕ್ಕೆ ಬಹಳ ಚೆಂದ. ಮದುವೆ ಮಾತುಕತೆ, ಜಮೀನು, ಯಾರ ಮನೆಗೆ ಎಷ್ಟು ವರಮಾನ ಅನ್ನುವ ಲೆಕ್ಕ, ನಮ್ಮ ಜನಕ್ಕೆ ವಿವರಿಸಬೇಕಾದ್ದೇ ಇಲ್ಲ.

ವೇಗವನ್ನು 0.8ಕ್ಕೆ ಇಳಿಸಿ ಕೇಳಿ, ನಾಚಿಕೆ ಏನಿಲ್ಲ.

ಒಂದು ಎಚ್ಚರಿಕೆ. ಲಿಬ್ರಿವಾಕ್ಸ್ ನೋಡುವುದು ಅಮೆರಿಕದ ಕಾನೂನನ್ನು. ಅಲ್ಲಿ ಹಳೆಯ ಪುಸ್ತಕಗಳಿಗೆ ಅಚ್ಚಾದ ವರ್ಷದಿಂದ 95 ವರ್ಷ ಎಣಿಸುತ್ತಾರೆ. ಹಾಗಾಗಿ ಪಿ.ಜಿ. ವುಡ್‌ಹೌಸ್ 1919ರಲ್ಲಿ ಅಚ್ಚು ಮಾಡಿಸಿದ ಕತೆಗಳು ಅಲ್ಲಿ ಮುಕ್ತ. ಅವರು ತೀರಿಕೊಂಡಿದ್ದು 1975ರಲ್ಲಿ, ಆದ್ದರಿಂದ ನಮ್ಮಲ್ಲಿ 2035 ಮುಗಿಯುವವರೆಗೆ ಹಕ್ಕು ಇದೆ. ನಿಮ್ಮ ದೇಶದ ಕಾನೂನು ನೋಡಿಕೊಳ್ಳಿ ಅಂತ ತಾಣದವರೇ ಹೇಳುತ್ತಾರೆ. ಆಸ್ಟಿನ್, ಡಿಕನ್ಸ್, ಡಾಯ್ಲ್, ಚೆಕಾಫ್ ಇವರಿಗೆಲ್ಲ ಎರಡೂ ಕಡೆ ತೊಂದರೆ ಇಲ್ಲ. ಅನುವಾದಕ್ಕೆ ಮಾತ್ರ ಅನುವಾದಕರ ಲೆಕ್ಕ ಬೇರೆ. ಚೆಕಾಫ್‌ನ ಹೆಸರಾಂತ ಅನುವಾದಕಿ ಕಾನ್‌ಸ್ಟನ್ಸ್ ಗಾರ್ನೆಟ್ ತೀರಿಕೊಂಡಿದ್ದು 1946ರಲ್ಲಿ, ಅವರದ್ದೂ ಮುಕ್ತ.

ನಮ್ಮ ಮನೆ ಹತ್ತಿರ ಸಿಗ್ನಲ್ಲೇ ಇಲ್ಲ. ಮಳೆಗಾಲದಲ್ಲಿ ಕರೆಂಟೂ ಇರಲ್ಲ.

ನಿಮ್ಮಂಥವರಿಗೇ ಇದು ಹೇಳಿ ಮಾಡಿಸಿದ್ದು. ವಿಡಿಯೋಗೆ ಹೋಲಿಸಿದರೆ ದನಿಯ ಫೈಲು ತುಂಬಾ ಸಣ್ಣದು. ಲಿಬ್ರಿವಾಕ್ಸ್ ಪುಸ್ತಕಗಳು ಎಂಪಿ3 ಆಗಿ 64 ಮತ್ತು 128 ಕೆಬಿಪಿಎಸ್ ಎಂಬ ಎರಡು ಗುಣಮಟ್ಟದಲ್ಲಿ ಸಿಗುತ್ತವೆ. 64ರದ್ದು ಗಂಟೆಗೆ ಸುಮಾರು 29 ಎಂಬಿ, 128ರದ್ದು ಸುಮಾರು 58. ಮಾತಿಗೆ 64 ಧಾರಾಳ ಸಾಕು. 12 ಗಂಟೆಯ ಕಾದಂಬರಿ 350 ಎಂಬಿಯೊಳಗೆ ಬರುತ್ತದೆ. 32 ಜಿಬಿ ಕಾರ್ಡಿನಲ್ಲಿ ಸಾವಿರ ಗಂಟೆ ಹಿಡಿಸುತ್ತದೆ. ಆಗುಂಬೆಯ ಮಳೆಗಾಲವನ್ನೂ ದಾಟಿಸಬಹುದು!

ಪೇಟೆಗೆ ಬಂದಾಗ, ಅಥವಾ ಶಿವಮೊಗ್ಗದ ನೆಂಟರ ಮನೆಯ ವೈಫೈ ಸಿಕ್ಕಾಗ ಇಳಿಸಿಕೊಳ್ಳಿ. ಪೂರ್ತಿ ಪುಸ್ತಕದ ಜಿಪ್ ಫೈಲ್ ಒಂದೇ ಸಲಕ್ಕೆ ಸಿಗುತ್ತದೆ. ಮನೆಗೆ ಹೋಗುವ ಮೊದಲು ಜಿಪ್ ಬಿಚ್ಚಿ, ಒಂದು ಅಧ್ಯಾಯ ಹಾಕಿ ನೋಡಿ. ಘಟ್ಟದ ಕೆಳಗೋ ಹಿನ್ನೀರಿನ ಆಚೆಗೋ ಹೋದ ಮೇಲೆ ಫೈಲ್ ಅರ್ಧ ಇಳಿದಿದೆ ಅಂತ ಗೊತ್ತಾದರೆ ಮಾಡುವುದಕ್ಕೇನೂ ಇರುವುದಿಲ್ಲ. ಕೇಳುವಾಗ ಫೋನಿನ ಪರದೆ ಆರಿರುವುದರಿಂದ ಬ್ಯಾಟರಿಯೂ ಹೆಚ್ಚು ಖರ್ಚಾಗುವುದಿಲ್ಲ. ಸ್ಪೀಕರಿನ ಬದಲು ವಯರಿನ ಇಯರ್‌ಫೋನ್ ಹಾಕಿಕೊಂಡರೆ ಇನ್ನೂ ಉಳಿತಾಯ.

ಬಟನ್ ಫೋನಲ್ಲಿ ಆಗುತ್ತಾ?

ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಆಗುತ್ತದೆ. ಕಂಪ್ಯೂಟರಿನಿಂದ ಎಂಪಿ3 ಕಾಪಿ ಮಾಡಿ. ಪೆನ್‌ಡ್ರೈವ್ ಹಾಕುವ ರೇಡಿಯೋ, ಕಾರಿನ ಸ್ಟೀರಿಯೋಗೂ ಇದೇ ಫೈಲು ಸಾಕು. ಎಲ್ಲಿಗೆ ನಿಲ್ಲಿಸಿದಿರಿ ಅನ್ನುವುದನ್ನು ಅವು ಸರಿಯಾಗಿ ನೆನಪಿಟ್ಟುಕೊಳ್ಳುವುದಿಲ್ಲ, ಅಧ್ಯಾಯದ ಕೊನೆಗೆ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಿ.

ಅಡಿಕೆ ಸುಲಿಯುವಾಗ ಎಲ್ಲರಿಗೂ ಕೇಳಿಸುವ ಹಾಗೆ ಹಾಕಬಹುದಾ?

ಹಾಕಿ. ಮನೆಯೊಳಗೆ, ನಿಮ್ಮವರ ನಡುವೆ ಕೇಳಲಿಕ್ಕೆ ಯಾರ ಅಡ್ಡಿಯೂ ಇಲ್ಲ. ಸಭೆ, ಕಾರ್ಯಕ್ರಮ ಅಂತ ಮಾಡಿದರೆ ಮಾತ್ರ ಹಕ್ಕು ಮುಗಿಯದ ರೆಕಾರ್ಡಿಂಗಿಗೆ ಅನುಮತಿ ಕೇಳಬೇಕು.

ನನ್ನ ಪ್ರಕಾರ ಮಲೆನಾಡಿನಲ್ಲಿ ಆಡಿಯೋ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಕೊಯ್ಲಿನ ಕಾಲ, ರಾತ್ರಿ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಜನ. ಕೈಗೆ ಕೆಲಸ ಇದೆ, ಕಣ್ಣು ಅಡಿಕೆಯ ಮೇಲಿದೆ, ಕಿವಿ ಖಾಲಿ ಇದೆ. ಮೊದಲೆಲ್ಲ ಊರಿನ ಸುದ್ದಿ, ಕತೆ, ಪದ ಇದ್ದವು. ಈಗ ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಆ ಸಾಲೂ ಇಲ್ಲ, ಮಾತೂ ಇಲ್ಲ. ಯಂತ್ರದ ಸದ್ದಿನಲ್ಲಿ ಕಾದಂಬರಿ ಕೇಳಿಸುವುದಿಲ್ಲ, ಅಲ್ಲಿ ಪ್ರಯತ್ನ ಪಡಬೇಡಿ.

ಏನು ಹಾಕಬೇಕು ಅನ್ನುವುದು ಮುಖ್ಯ. ಪತ್ತೇದಾರಿ ಕತೆ ಗುಂಪಿಗೆ ಆಗುವುದಿಲ್ಲ. ಒಬ್ಬರು ಮೂಟೆ ತರಲು ಎದ್ದು ಹೋಗುತ್ತಾರೆ, ಇನ್ನೊಬ್ಬರು ಕಾಫಿ ತರಲು. ವಾಪಸ್ ಬಂದವರು “ಏನಾಯ್ತು, ಏನಾಯ್ತು” ಅಂತ ಕೇಳುತ್ತಾರೆ, ಹೇಳುವಷ್ಟರಲ್ಲಿ ಮುಂದಿನ ಸುಳಿವು ತಪ್ಪಿರುತ್ತದೆ. ಎಲ್ಲರಿಗೂ ಗೊತ್ತಿರುವ ಕತೆಯೇ ವಾಸಿ. ಭಾರತದ ಗಮಕ ಸರಿಯಾಗಿ ಹೊಂದುವುದು ಇದೇ ಕಾರಣಕ್ಕೆ. ನಡುವೆ ಎದ್ದು ಹೋದರೂ ನಷ್ಟ ಇಲ್ಲ, ದ್ರೌಪದಿ ಎಲ್ಲಿದ್ದಾಳೆ ಅಂತ ಎಲ್ಲರಿಗೂ ಗೊತ್ತು. ಒಂದು ಸಂಧಿ ಮುಗಿದ ಮೇಲೆ ನಿಲ್ಲಿಸಿ. ಜನ ಮಾತಾಡಲಿ. ಕರ್ಣನದ್ದು ಸರಿಯೋ ತಪ್ಪೋ ಅಂತ ಜಗಳ ಶುರುವಾದರೆ ಸ್ಪೀಕರನ್ನು ಆವತ್ತಿಗೆ ಪೂರ್ತಿ ಆರಿಸಿಬಿಡಿ.

ಓದುವವರ ದನಿ ಹಿಡಿಸಲಿಲ್ಲ.

ಬಿಟ್ಟುಬಿಡಿ. ಹೆಸರಾಂತ ಪುಸ್ತಕಗಳಿಗೆ ಲಿಬ್ರಿವಾಕ್ಸ್‌ನಲ್ಲಿ ಬೇರೆ ಬೇರೆಯವರು ಓದಿದ ಎರಡು-ಮೂರು ಆವೃತ್ತಿಗಳು ಇರುತ್ತವೆ. ಒಬ್ಬರೇ ಪೂರ್ತಿ ಓದಿದ್ದನ್ನು ಆರಿಸಿ. ಹಲವರು ಹಂಚಿಕೊಂಡು ಓದಿದ್ದರಲ್ಲಿ ಅಧ್ಯಾಯಕ್ಕೊಂದು ದನಿ, ಅಧ್ಯಾಯಕ್ಕೊಂದು ಉಚ್ಚಾರ. ಓದುವವರು ನಟರಲ್ಲ, ಹವ್ಯಾಸಿಗಳು. ಕೆಲವರು ಅದ್ಭುತವಾಗಿ ಓದುತ್ತಾರೆ, ಕೆಲವರು ರೇಷನ್ ಪಟ್ಟಿ ಓದಿದ ಹಾಗೆ ಓದುತ್ತಾರೆ.

ಕಂಪ್ಯೂಟರ್ ದನಿಯಲ್ಲಿ ಓದಿಸಿದರೆ?

ಕನ್ನಡ ವಿಕಿಸೋರ್ಸ್‌ನಲ್ಲಿ ಮುಕ್ತವಾದ ಕನ್ನಡ ಪಠ್ಯಗಳಿವೆ. ಆಂಡ್ರಾಯ್ಡ್ ಫೋನಿನ ಗೂಗಲ್ ದನಿಗೆ ಕನ್ನಡ ಬರುತ್ತದೆ, ಅದರಿಂದ ಓದಿಸಬಹುದು. ಸರಳ ಗದ್ಯಕ್ಕೆ ಪರವಾಗಿಲ್ಲ. ಹಳಗನ್ನಡ, ಷಟ್ಪದಿಗೆ ಬೇಡ. ಸಾಲಿನ ಕೊನೆಯಲ್ಲಿ ಪದ ಒಡೆದಿದ್ದರೆ ಯಂತ್ರವೂ ಅಲ್ಲೇ ಒಡೆದು ಓದುತ್ತದೆ, ಪದ್ಯದ ಕತ್ತು ಹಿಸುಕಿದ ಹಾಗೆ.

ಅಜ್ಜಿಗೆ ಕಣ್ಣು ಮಂಜು. ಪುಸ್ತಕ ಓದುವ ಆಸೆ ಮಾತ್ರ ಹೋಗಿಲ್ಲ.

ನಿಮ್ಮ ಅಜ್ಜಿಗೆ ಹಕ್ಕುಸ್ವಾಮ್ಯದ ಕಾನೂನಿನಲ್ಲೇ ಒಂದು ಬಾಗಿಲು ಇದೆ. 2012ರ ತಿದ್ದುಪಡಿಯ ಪ್ರಕಾರ, ಅಂಗವೈಕಲ್ಯದಿಂದ ಅಚ್ಚು ಓದಲು ಆಗದವರಿಗಾಗಿ ಪುಸ್ತಕವನ್ನು ಅವರಿಗೆ ಹೊಂದುವ ರೂಪಕ್ಕೆ ತರಬಹುದು. ಲಾಭಕ್ಕಾಗಿ ಮಾಡುವ ಹಾಗಿಲ್ಲ. ಹಕ್ಕು ಮುಗಿಯದ ಪುಸ್ತಕಕ್ಕೂ ಇದು ಅನ್ವಯ. ಇದೇ ಉದ್ದೇಶದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತ. 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ ಇಂಥವರಿಗಾಗಿಯೇ ಇದೆ. ಸದಸ್ಯರಾಗಬೇಕು, ಅದಕ್ಕೆ ಮನೆಯವರು ಸ್ವಲ್ಪ ಓಡಾಡಬೇಕು.

ಆದರೆ ಅಜ್ಜಿಗೆ ಪರದೆ ಒತ್ತುವುದು ಕಲಿಸಲು ಹೋಗಿ ಇಬ್ಬರೂ ಸುಸ್ತಾಗಬೇಡಿ. ದೊಡ್ಡ ಗುಂಡಿ ಇರುವ ಪೆನ್‌ಡ್ರೈವ್ ರೇಡಿಯೋ ಕೊಡಿ. ಹಾಕುವುದು, ನಿಲ್ಲಿಸುವುದು ಅಷ್ಟೇ.

ಮಕ್ಕಳಿಗೆ?

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ, ಕೆಲವಕ್ಕೆ ದನಿಯೂ ಇದೆ. ಪಂಜೆಯವರ ಕತೆ-ಪದ್ಯಗಳನ್ನು ನೀವೇ ಓದಿ ಹೇಳಿ, ಅದಕ್ಕೆ ಆ್ಯಪ್ ಯಾಕೆ?

ಕೇಳಿದರೆ ಓದಿದ ಹಾಗೆ ಆಗುತ್ತಾ?

ಪರೀಕ್ಷೆಗೆ ಆಗುವುದಿಲ್ಲ, ಪುಟಕ್ಕೆ ಗೆರೆ ಎಳೆಯಲು ಬರುವುದಿಲ್ಲ. ಉಳಿದಂತೆ ಈ ಚರ್ಚೆ ನನಗೆ ಹಿಡಿಸುವುದಿಲ್ಲ. ಅಕ್ಷರ ಬಾರದೆ ಇಡೀ ಭಾರತ ಬಲ್ಲವರು ನಮ್ಮ ಪ್ರತಿ ಊರಿನಲ್ಲೂ ಇದ್ದರು.

ನಾನೇ ಕನ್ನಡ ಪುಸ್ತಕ ಓದಿ ರೆಕಾರ್ಡ್ ಮಾಡಬಹುದಾ?

ಈ ಪ್ರಶ್ನೆ ಕೇಳುವವರಿಗಾಗಿ ನಾನು ಕಾಯುತ್ತಿರುತ್ತೇನೆ. ಕನ್ನಡದ ಕಪಾಟು ಖಾಲಿ ಅಂತ ದೂರುವವರು ಸಾಕಷ್ಟಿದ್ದಾರೆ, ಓದುವವರು ಬೇಕು. ಮುಕ್ತವಾದ ಪುಸ್ತಕ ಆರಿಸಿ. ಮುದ್ದಣ-ಮನೋರಮೆಯರ ಮಾತುಕತೆಯನ್ನು ಗಂಡ-ಹೆಂಡತಿ ಇಬ್ಬರೂ ಸೇರಿ ಓದಿದರೆ ಎಷ್ಟು ಚೆನ್ನಾಗಿರುತ್ತದೆ ನೋಡಿ. ಇತ್ತೀಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿ ಓದಬೇಡಿ, ಅವು ಅವರ ಹಕ್ಕು.

ಉಪಕರಣ ದೊಡ್ಡದೇನೂ ಬೇಡ. ಫೋನ್ ಅಥವಾ ಸಾಧಾರಣ ಯುಎಸ್‌ಬಿ ಮೈಕ್, ಜೊತೆಗೆ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್. ನಮ್ಮ ಕಡೆಯ ನಿಜವಾದ ಶತ್ರು ಮಳೆ. ತಗಡಿನ ಮಾಡಿನ ಕೆಳಗೆ ಜುಲೈನಲ್ಲಿ ರೆಕಾರ್ಡ್ ಮಾಡುವ ಆಸೆ ಬಿಡಿ. ಸಂಜೆಯಾದರೆ ಜೀರುಂಡೆ, ಕಪ್ಪೆ. ಬೇಸಿಗೆಯ ಬೆಳಗಿನ ಜಾವ, ಕೋಳಿ ಕೂಗುವ ಮೊದಲು ಒಂದು ಗಂಟೆ ಸಿಗುತ್ತದೆ. ಅಕ್ಕಿ ಮೂಟೆ, ಹಾಸಿಗೆ, ಕಂಬಳಿ ತುಂಬಿದ ಕೋಣೆ ಒಳ್ಳೆಯದು, ಗುಂಯ್‌ಗುಡುವುದಿಲ್ಲ. ಫ್ಯಾನ್ ಆರಿಸಿ, ಫ್ರಿಜ್ ಇರುವ ಗೋಡೆಯ ಹತ್ತಿರ ಕೂರಬೇಡಿ.

ಓದುವಾಗ ರೇಡಿಯೋ ವಾರ್ತೆಯ ದನಿ ತೆಗೆಯಬೇಡಿ. ನಿಮ್ಮೂರಿನ ಕನ್ನಡ ದನಿಯಲ್ಲಿ ಕಂಡರೆ ಕಾಣಲಿ.

ರೆಕಾರ್ಡ್ ಆಯ್ತು. ಎಲ್ಲಿ ಹಾಕೋದು?

ಲಿಬ್ರಿವಾಕ್ಸ್‌ನಲ್ಲಿ ಮೊದಲು ಒಂದು ನಿಮಿಷದ ಮಾದರಿ ಕೇಳುತ್ತಾರೆ. ದನಿ ಚೆನ್ನಾಗಿದೆಯಾ ಅಂತಲ್ಲ, ಮೈಕ್, ಸದ್ದು ಸರಿ ಇದೆಯಾ ಅಂತ ನೋಡಲಿಕ್ಕೆ. ಪುಸ್ತಕ ಓದಿ ಮುಗಿಸಿದ ಮೇಲೆ ಹೋಗಬೇಡಿ, ಶುರುವಿಗೆ ಮುಂಚೆಯೇ ಹೋಗಿ. ಆ ಪುಸ್ತಕ ಅಮೆರಿಕದ ಲೆಕ್ಕದಲ್ಲೂ ಮುಕ್ತವಾಗಿದೆಯಾ ಅಂತ ಅವರು ನೋಡುತ್ತಾರೆ. ಪುಸ್ತಕ ಹಿಡಿದು ನಿಮ್ಮ ಓದನ್ನು ಕೇಳಿ ತಪ್ಪು ಗುರುತಿಸುವ ಇನ್ನೊಬ್ಬ ಕನ್ನಡಿಗರೂ ಬೇಕು, ಅವರನ್ನು ನೀವೇ ಹೊಂದಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಅಷ್ಟು ನಿಯಮ ಬೇಡ ಅಂದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಖಾತೆ ತೆರೆದು ನೇರ ಹಾಕಬಹುದು. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ಇಲ್ಲದಿದ್ದರೆ ಹುಡುಕುವವರಿಗೆ ಸಿಗುವುದಿಲ್ಲ. ಅಧ್ಯಾಯಗಳಿಗೆ 01, 02 ಅಂತ ನಂಬರ್ ಕೊಡಿ. ಬರೀ 1, 2 ಅಂತ ಕೊಟ್ಟರೆ ಬಹಳಷ್ಟು ಫೋನುಗಳಲ್ಲಿ ಒಂದಾದ ಮೇಲೆ ಹತ್ತನೇ ಅಧ್ಯಾಯ ಓಡುತ್ತದೆ.